ಹಲ್ಲುಜ್ಜುವ ಬ್ರಷ್ಷಿನ ಬಣ್ಣ

“ನನ್ನ ಹಲ್ಲುಜ್ಜುವ ಬ್ರಷ್ಷಿನ ಬಣ್ಣ ಎಂತದು, ಹೇಳಿ ನೋಡುವ?”

ಮದುವೆಯಾಗಿ ಇಪ್ಪತ್ತೆಂಟು ವರ್ಷ ಆದ ಮೇಲೆ ನನ್ನ ಹೆಂಡತಿ ಇಂಥದೊಂದು ಪ್ರಶ್ನೆ ಕೇಳಿದಳು. 2022ರ ಜೂನ್ ತಿಂಗಳ ಒಂದು ಸಂಜೆ. ಆಗುಂಬೆಯಲ್ಲಿ ಮಳೆ ಹಿಡಿದು ವಾರವಾಗಿತ್ತು. ನಾನು ಜಗುಲಿಯಲ್ಲಿ ಕೂತು ಕಲಿಕಾ ಚೇತರಿಕೆಯ ಹಾಳೆಗಳನ್ನು ತಿದ್ದುತ್ತಿದ್ದೆ. ತಲೆಯೆತ್ತದೆ, “ನೀಲಿ” ಅಂದೆ.

“ನೀಲಿ ನಿಮ್ಮದು. ನಿನ್ನೆ ರಾತ್ರಿ ಊಟಕ್ಕೆ ಎಂತ ಮಾಡಿದ್ದೆ?”

“ಸಾರು.”

“ಹಲಸಿನ ಬೀಜದ ಹುಳಿ. ಎರಡು ಸಲ ಹಾಕಿಸಿಕೊಂಡ್ರಿ. ನನ್ನ ಅಮ್ಮ ಹುಟ್ಟಿದ ಊರು?”

ಆ ಊರು ನನಗೆ ಗೊತ್ತಿತ್ತು. ಆದರೆ ಅಷ್ಟರಲ್ಲಿ ಗಾಬರಿಯಾಗಿ ಅದೂ ಮರೆತುಹೋಯಿತು. ಹೆಂಡತಿ ಮೊಬೈಲನ್ನು ಕೆಳಗಿಟ್ಟು, “ನೀವು ಫೇಲು. ನಮ್ಮಿಬ್ಬರನ್ನು ಅಲ್ಲಿಗೆ ಕರೆದಿದ್ದರೆ ನನ್ನನ್ನು ವಾಪಸು ಕಳಿಸಿಬಿಡ್ತಿದ್ರು” ಎಂದು ಒಳಗೆ ಹೋದಳು.

ಆ ಪ್ರಶ್ನೆಗಳನ್ನು ಕಳಿಸಿದವಳು ನಮ್ಮ ಮಗಳು. ಮುಂದಿನ ತಿಂಗಳು ನ್ಯೂಜೆರ್ಸಿಯ ನೆವಾರ್ಕ್ ಊರಿನ ಸರ್ಕಾರಿ ಕಚೇರಿಯೊಂದರಲ್ಲಿ ಅವಳಿಗೂ ಅವಳ ಗಂಡನಿಗೂ ಒಟ್ಟಿಗೆ ಸಂದರ್ಶನವಿತ್ತು. ಕೆಲಸದ ಸಂದರ್ಶನವಲ್ಲ. ಅವರಿಬ್ಬರ ಮದುವೆ ನಿಜವಾದದ್ದೋ, ಕಾಗದದ ಮೇಲಿನದೋ ಎಂದು ನೋಡುವ ಸಂದರ್ಶನ.

ವಿಷಯ ತಿಳಿಯದವರಿಗೆ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ಕೆಲಸದ ಆಧಾರದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಭಾರತೀಯರು ವರ್ಷಗಟ್ಟಲೆ ಕಾಯಬೇಕು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ ಏಳಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿ ಇದೆ. ನಮ್ಮವರ ಸಾಲು ಮಾತ್ರ ಹನುಮಂತನ ಬಾಲ. ಆದರೆ ಅಲ್ಲಿನ ಪ್ರಜೆಯನ್ನು ಮದುವೆಯಾದವರಿಗೆ ಈ ಮಿತಿಯೂ ಇಲ್ಲ, ಸಾಲೂ ಇಲ್ಲ. ಎಲ್ಲಿ ಬಾಗಿಲು ಸಲೀಸಾಗಿ ತೆರೆಯುತ್ತದೋ ಅಲ್ಲಿ ಕಾವಲು ಬಿಗಿಯಾಗಿರುತ್ತದೆ. ಗಂಡ ಹೆಂಡತಿ ಒಟ್ಟಿಗೆ ಹೋಗಿ, ಬಲಗೈ ಎತ್ತಿ ಸತ್ಯ ಹೇಳುತ್ತೇವೆಂದು ಪ್ರಮಾಣ ಮಾಡಿ, ಅಧಿಕಾರಿಯ ಎದುರು ಕೂರಬೇಕು. ಜಂಟಿ ಬ್ಯಾಂಕ್ ಖಾತೆ, ಮನೆ ಬಾಡಿಗೆಯ ಕರಾರು, ವಿಮೆ, ಫೋಟೋ ಎಲ್ಲ ತೋರಿಸಬೇಕು. ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅದೇ ಪ್ರಶ್ನೆಗಳನ್ನು ಕೇಳಿ ಉತ್ತರ ತಾಳೆ ನೋಡುವುದೂ ಉಂಟು. ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ಈ ಪದ್ಧತಿಯ ಬಗ್ಗೆ ಮೊಕದ್ದಮೆಯೇ ನಡೆದು, ಅದರ ಹೆಸರಿನಿಂದಲೇ ಅದಕ್ಕೆ ‘ಸ್ಟೋಕ್ಸ್ ಸಂದರ್ಶನ’ ಎಂಬ ಹೆಸರು ನಿಂತಿದೆ. ಇದನ್ನೇ ಕತೆ ಮಾಡಿಕೊಂಡ ‘ಗ್ರೀನ್ ಕಾರ್ಡ್’ ಎಂಬ ಸಿನಿಮಾವೂ 1990ರಲ್ಲಿ ಬಂದಿತ್ತು. ಹಲ್ಲುಜ್ಜುವ ಬ್ರಷ್ಷು, ಮಲಗುವ ಬದಿ, ಹಿಂದಿನ ರಾತ್ರಿಯ ಊಟ, ಇವೆಲ್ಲ ಹೀಗೆ ಅಲ್ಲಿ ಜನರ ಬಾಯಲ್ಲಿ ಓಡಾಡುವ ಪ್ರಶ್ನೆಗಳು.

ನನಗೆ ತಮಾಷೆ ಎನಿಸಿದ್ದು ಒಂದು. ಶಾಲೆಯಲ್ಲಿ ಇಬ್ಬರು ಹುಡುಗರ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಉತ್ತರ ದಶಾಂಶಕ್ಕೆ ದಶಾಂಶ ಹೊಂದಿಕೊಂಡರೆ ನಾನು ಕಾಪಿ ಎಂದು ಹಿಡಿಯುತ್ತೇನೆ. ಅಲ್ಲಿ ಹೊಂದದಿದ್ದರೆ ಹಿಡಿಯುತ್ತಾರೆ.

ತಮಾಷೆ ಅಷ್ಟೇ. ಆ ದಿನಗಳಲ್ಲಿ ನನಗೆ ನಗುವಷ್ಟು ಮನಸ್ಸು ಇರಲಿಲ್ಲ. ಏಕೆಂದರೆ ಆ ಕಚೇರಿಯವರಿಗೆ ಇದ್ದ ಅನುಮಾನ ಒಂದು ವರ್ಷದಿಂದ ನನ್ನ ಹೊಟ್ಟೆಯೊಳಗೂ ಇತ್ತು.

ಮಗಳು ಶಿವಮೊಗ್ಗದಲ್ಲಿ ಬಿ.ಇ. ಮುಗಿಸಿ 2018ರಲ್ಲಿ ಎಂ.ಎಸ್. ಓದಲು ಹೋದಳು. ಓದು ಮುಗಿಯಿತು, ಕೆಲಸವೂ ಸಿಕ್ಕಿತು. ಆದರೆ ಅಲ್ಲಿ ಕೆಲಸ ಸಿಕ್ಕರೆ ಸಾಲದು. ಎಚ್-1ಬಿ ವೀಸಾಕ್ಕೆ ಚೀಟಿ ಎತ್ತುತ್ತಾರೆ. ಎರಡು ವರ್ಷ ಅವಳ ಹೆಸರು ಬರಲಿಲ್ಲ. ಮೂರನೆಯದಾಗಿ ಬಂದದ್ದು ಫೋನು, 2021ರ ಜೂನಿನಲ್ಲಿ. “ಅಪ್ಪಯ್ಯ, ನಾವು ನಿನ್ನೆ ರಿಜಿಸ್ಟರ್ ಮಾಡಿಕೊಂಡ್ವಿ.” ಹುಡುಗ ಅವಳ ಜತೆ ಓದಿದವನು, ಅಲ್ಲಿಯೇ ಹುಟ್ಟಿದವನು, ಅಪ್ಪ ಅಮ್ಮ ಗುಜರಾತಿನಿಂದ ಹೋದವರು.

ಜಾತಿ ಬೇರೆ, ಭಾಷೆ ಬೇರೆ ಎಂದು ನನಗೆ ಸಿಟ್ಟಿಲ್ಲ, ಒಂದು ಮಾತು ಹೇಳದೆ ಮಾಡಿಕೊಂಡಳಲ್ಲ ಎಂದಷ್ಟೇ ಬೇಜಾರು ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಅರ್ಧ ನಿಜ. ಇನ್ನರ್ಧವನ್ನು ನನ್ನ ಬದಲು ಬೇರೊಬ್ಬರು ಹೇಳಿದರು. ಆ ವರ್ಷ ತೀರ್ಥಹಳ್ಳಿಯಲ್ಲಿ ಒಂದು ಮದುವೆ ಊಟ. ಪಂಕ್ತಿಯಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದವರು ನಾನಿರುವುದು ತಿಳಿಯದೆ, “ಮೇಷ್ಟ್ರ ಮಗಳು ಜಾಣೆ ಮಾರಾಯ್ರೆ. ಲಾಟರಿ ಹೊಡೀಲಿಲ್ಲ, ಸಿಟಿಜನ್ನನ್ನೇ ಹೊಡೆದಳು” ಎಂದು ನಕ್ಕರು. ಹೋಳಿಗೆಗೆ ತುಪ್ಪ ಹಾಕುತ್ತಿದ್ದವನಿಗೆ ಸಾಕು ಎಂದು ಕೈ ಅಡ್ಡ ಹಿಡಿದವನು ಹಾಗೆಯೇ ಎದ್ದು ಬಂದೆ. ಸಿಟ್ಟು ಬಂದದ್ದು ಅವರು ಸುಳ್ಳು ಹೇಳಿದರೆಂದಲ್ಲ. ನಾನು ಯೋಚಿಸಿದ್ದನ್ನೇ ಗಟ್ಟಿಯಾಗಿ ಹೇಳಿದರೆಂದು.

ಅಲ್ಲಿಂದ ಮುಂದೆ ಮಗಳ ಫೋನು ಬಂದರೆ “ಆರಾಮಾ? ಅಮ್ಮನಿಗೆ ಕೊಡ್ತೇನೆ” ಎನ್ನುವುದಕ್ಕೆ ನನ್ನ ಮಾತು ಮುಗಿಯುತ್ತಿತ್ತು. ಡಿಸೆಂಬರಿನಲ್ಲಿ ನನ್ನ ತಾಯಿ ತೀರಿಕೊಂಡರು. ಮಗಳನ್ನು ಬೆಳೆಸಿದ್ದೇ ಅವರು. ಅವಳು ಬರಲಿಲ್ಲ. ವೈಕುಂಠ ಸಮಾರಾಧನೆಯ ದಿನ ನೆಂಟರು “ಮೊಮ್ಮಗಳು?” ಎಂದು ಕೇಳಿದಾಗೆಲ್ಲ ನಾನು ಕೊರೋನಾ ಎಂದೆ. ಅಷ್ಟು ಹೊತ್ತಿಗೆ ವಿಮಾನಗಳು ಓಡಾಡುತ್ತಿದ್ದವು, ಕೇಳಿದವರಿಗೂ ಅದು ಗೊತ್ತಿತ್ತು.

ಈ ಸ್ಥಿತಿಯಲ್ಲಿರುವವನಿಗೆ ಮಗಳಿಂದ ಕಾಗದ ಬಂತು: ಸಂದರ್ಶನಕ್ಕೆ ಹೋಗುವಾಗ, ಮದುವೆ ನಿಜವೆಂದು ಬಲ್ಲ ಮೂರನೆಯವರ ಅಫಿಡವಿಟ್ಟು ಇದ್ದರೆ ಒಳ್ಳೆಯದು, ಅಪ್ಪಯ್ಯ ಬರೆದುಕೊಡಬಹುದಾ? ಹಾಗೆ ಬರೆಯುವವರು ತಮ್ಮ ಹೆಸರು, ವಿಳಾಸ, ಹುಟ್ಟಿದ ದಿನಾಂಕ ಮತ್ತು ಸ್ಥಳ, ಸಂಬಂಧ ಎಲ್ಲ ಕೊಟ್ಟು, ಈ ಮದುವೆಯ ವಿಷಯ ತಮಗೆ ಹೇಗೆ ತಿಳಿಯಿತು ಎಂಬುದನ್ನು ವಿವರವಾಗಿ ಬರೆಯಬೇಕಂತೆ.

‘ಹೇಗೆ ತಿಳಿಯಿತು’ ಎಂಬಲ್ಲಿ ನನ್ನ ಪೆನ್ನು ನಿಂತಿತು. ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಂಡು ಬಂದ ಮಾತು: ವೀಕ್ಷಣೆ ಬೇರೆ, ತೀರ್ಮಾನ ಬೇರೆ; ನೋಡದ್ದನ್ನು ನೋಡಿದೆ ಎಂದು ಬರೆದರೆ ಸೊನ್ನೆ. ಈ ಮದುವೆಯಲ್ಲಿ ನಾನು ನೋಡಿದ್ದೇನು? ಮೊಬೈಲಿಗೆ ಬಂದ ಒಂದು ಫೋಟೋ. ಅದನ್ನೂ ದೊಡ್ಡದು ಮಾಡಿ ನೋಡಿರಲಿಲ್ಲ.

ಆದರೂ ವಕೀಲರು ಬರೆಯುವ ಧಾಟಿಯಲ್ಲಿ, ‘ನನಗೆ ತಿಳಿದು ನಂಬಿದ ಮಟ್ಟಿಗೆ ಸದರಿ ವಿವಾಹವು ಸದ್ಭಾವನೆಯಿಂದ ಕೂಡಿದ್ದಾಗಿದೆ’ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗೀಚಿ ಹೆಂಡತಿಗೆ ಓದಿ ಹೇಳಿದೆ. ಅವಳು ಬಚ್ಚಲ ಒಲೆಗೆ ಸೌದೆ ದೂಡುತ್ತಾ ಕೇಳಿದಳು. ಹಸಿ ಸೌದೆ, ಹೊಗೆ. ಕಣ್ಣು ಒರೆಸಿಕೊಂಡು, “ನಿಮಗೆ ಎಂತ ತಿಳಿದಿದೆ? ನೀವು ಒಂದು ದಿನ ಕೇಳಿದ್ದುಂಟಾ?” ಎಂದಳು. ಆಮೇಲೆ ಅಲ್ಲೇ ಕೂತು ಹೇಳತೊಡಗಿದಳು. ರಾತ್ರಿ ನಾನು ಮಲಗಿದ ಮೇಲೆ ವರ್ಷವಿಡೀ ಮಗಳ ಜತೆ ಆಡಿದ ಮಾತು.

ಮಗಳಿಗೆ ಜ್ವರ ಬಂದು ಬಾಯಿ ಕೆಟ್ಟಾಗ ಆ ಹುಡುಗ ನನ್ನ ಹೆಂಡತಿಗೆ ಫೋನು ಮಾಡಿ, ಮೆಂತೆ ತಂಬುಳಿ ಮಾಡುವುದು ಹೇಗೆಂದು ಇಂಗ್ಲಿಷಿನಲ್ಲಿ ಕೇಳಿದ್ದನಂತೆ. ಇವಳು ಕನ್ನಡದಲ್ಲಿ ಹೇಳಿದಳಂತೆ. ಮೆಂತೆ ಎಷ್ಟು ಎನ್ನುವುದು ತಿಳಿಯದೆ ಮುಷ್ಟಿ ತುಂಬ ಹಾಕಿ, ಅದು ವಿಷದಂತೆ ಕಹಿಯಾಗಿ, ಮಗಳು ಅಷ್ಟನ್ನೂ ಕುಡಿದಳಂತೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕುತ್ತಾನೆಂದು ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರಂತೆ. “ನಾಟಕದ ಮದುವೆಯಾದ್ರೆ ಟವೆಲಿಗೆ ಯಾರು ಜಗಳ ಮಾಡ್ತಾರೆ?” ಎಂದು ನನ್ನ ಹೆಂಡತಿಯ ವಾದ. ಇದನ್ನು ತಳ್ಳಿಹಾಕುವುದು ನನಗೂ ಕಷ್ಟವಾಯಿತು.

ಆಮೇಲೆ ನನ್ನ ತಾಯಿಯ ವಿಷಯ. ಗ್ರೀನ್ ಕಾರ್ಡಿನ ಅರ್ಜಿ ಹಾಕಿ ಅದು ನಡೆಯುತ್ತಿರುವಾಗ, ಮುಂಗಡ ಅನುಮತಿ ಪತ್ರವಿಲ್ಲದೆ ಅವಳಂಥವರು ದೇಶ ಬಿಟ್ಟು ಹೊರಟರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ಅನುಮತಿ ಇನ್ನೂ ಬಂದಿರಲಿಲ್ಲ. ತುರ್ತಾಗಿ ಕೇಳಬಹುದಿತ್ತು, ಅದು ಕೈಗೆ ಬಂದು, ವಿಮಾನ ಹತ್ತಿ, ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬರುವಷ್ಟರಲ್ಲಿ ಇಲ್ಲಿ ಹದಿಮೂರು ದಿನ ಕಳೆದಿರುತ್ತಿತ್ತು. ಆದರೂ ಮಗಳು ಹೊರಟೇ ಹೊರಡುತ್ತೇನೆಂದು ಪೆಟ್ಟಿಗೆ ತುಂಬಿದ್ದಳಂತೆ. ಹುಡುಗ ಬೇಡ ಎನ್ನಲಿಲ್ಲವಂತೆ. “ನೀನು ಹೋದರೆ ನಾನೂ ಬರುತ್ತೇನೆ. ವಾಪಸು ಬರಲಿಕ್ಕೆ ಆಗದಿದ್ದರೆ ಅಲ್ಲೇ ಇದ್ದು ಕೆಲಸ ಹುಡುಕುತ್ತೇನೆ” ಎಂದನಂತೆ. ಆಗ ಇವಳೇ, ನನ್ನ ಹೆಂಡತಿಯೇ, ಬರಬೇಡ ಎಂದು ತಡೆದದ್ದು. ಬೊಜ್ಜದ ದಿನ ಅಲ್ಲಿ ಇಬ್ಬರೂ ತಣ್ಣೀರು ಸ್ನಾನ ಮಾಡಿ ಒಪ್ಪೊತ್ತು ಇದ್ದರಂತೆ. ಹೊರಗೆ ಹಿಮ.

“ನನಗೆ ಯಾಕೆ ಹೇಳಲಿಲ್ಲ?” ಎಂದೆ.

“ನೀವು ಕೇಳಿದ್ರಾ?”

ಹಂಡೆಯ ನೀರು ಕುದಿಯುತ್ತಿತ್ತು. ನಾನು ಸ್ನಾನಕ್ಕೆ ಹೋದೆ. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಒಳಗಿದ್ದೆ.

ಕಾಗದಪತ್ರಗಳ ಕತೆ ಬೇರೆಯೇ ಒಂದು ಪುರಾಣ. ಜನನ ಪತ್ರದಲ್ಲಿ ಮಗಳ ಹೆಸರೇ ಇರಲಿಲ್ಲ. 1996ರಲ್ಲಿ ಬರೆಸಿದಾಗ ‘ಹೆಣ್ಣು’ ಎಂದಷ್ಟೇ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟಿದ್ದೆವು. ಅದಕ್ಕಾಗಿ ತೀರ್ಥಹಳ್ಳಿಗೆ ಎಷ್ಟು ಸಲ ಬಸ್ಸು ಹತ್ತಿದೆನೋ ಲೆಕ್ಕವಿಲ್ಲ, ಅದನ್ನು ಬಿಡಿ. ನಮ್ಮದೇ ಮದುವೆಯ ದಾಖಲೆ ಹುಡುಕಿದರೆ ಇನ್ನೂ ಚಂದ. ನಮ್ಮದು 1994ರ ಮೇ ತಿಂಗಳಲ್ಲಿ ಮಾವನ ಮನೆಯ ಅಂಗಳದಲ್ಲಿ, ಅಡಿಕೆ ಚಪ್ಪರದ ಕೆಳಗೆ ಆದ ಮದುವೆ. ನೋಂದಣಿ ಮಾಡಿಸಿಲ್ಲ. ಲಗ್ನಪತ್ರಿಕೆ ಗೆದ್ದಲಿಗೆ. ಆಲ್ಬಮ್ಮು ತೆಗೆದರೆ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನ ಬೂಷ್ಟು ಮುಖಗಳನ್ನೆಲ್ಲ ತಿಂದುಹಾಕಿತ್ತು. ಒಂದು ಫೋಟೋದಲ್ಲಿ ನನ್ನ ಪೇಟವಿದೆ, ಮುಖವಿಲ್ಲ. ಇನ್ನೊಂದರಲ್ಲಿ ಹೆಂಡತಿಯ ಕೈಬಳೆ. ಜಂಟಿ ಖಾತೆಯೂ ಇಲ್ಲ. ನನ್ನ ಗೊರಕೆಯ ದೆಸೆಯಿಂದ ಹತ್ತು ವರ್ಷಗಳಿಂದ ಮಲಗುವ ಕೋಣೆಯೂ ಬೇರೆ. ಆ ಕಚೇರಿಯವರ ಪಟ್ಟಿ ಹಿಡಿದು ನೋಡಿದರೆ ನಮ್ಮದು ಶುದ್ಧ ಮೋಸದ ಮದುವೆ.

ನಮ್ಮ ಕಾನೂನು ಈ ವಿಷಯದಲ್ಲಿ ಇನ್ನೊಂದು ದಾರಿ ಹಿಡಿದಿದೆ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೆಯ ಹೆಜ್ಜೆ ಇಟ್ಟ ಕೂಡಲೇ ಮದುವೆ ಪೂರ್ಣ. ಸುಪ್ರೀಂ ಕೋರ್ಟು 2006ರಲ್ಲಿ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಹೇಳಿತು ನಿಜ. ಅದೇ ಕೋರ್ಟು 2024ರ ಏಪ್ರಿಲ್‌ನಲ್ಲಿ, ಶಾಸ್ತ್ರ ಏನೂ ನಡೆಸದೆ ಪ್ರಮಾಣಪತ್ರ ಮಾತ್ರ ಮಾಡಿಸಿಕೊಂಡಿದ್ದ ಜೋಡಿಯೊಂದರ ಮೊಕದ್ದಮೆಯಲ್ಲಿ, ಬರೀ ಪತ್ರದಿಂದ ಹಿಂದೂ ಮದುವೆ ಆಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ಹೊರದೇಶದ ವೀಸಾ ಅರ್ಜಿಗಾಗಿ ಹೀಗೆ ಮುಂಚಿತವಾಗಿ ನೋಂದಣಿ ಮಾಡಿಸಿಕೊಳ್ಳುವವರ ಬಗ್ಗೆಯೂ ಆ ತೀರ್ಪಿನಲ್ಲಿ ಮಾತಿದೆ. ಅಂದರೆ ಇಲ್ಲಿ ಹೆಜ್ಜೆ ಇಟ್ಟರಾ ಎಂದು ಕೇಳುತ್ತಾರೆ, ಅಲ್ಲಿ ಜತೆಯಲ್ಲಿ ಬದುಕುತ್ತಿದ್ದೀರಾ ಎಂದು ಕೇಳುತ್ತಾರೆ. ನನ್ನ ಮಗಳು ಇಟ್ಟ ಏಳು ಹೆಜ್ಜೆ ನ್ಯೂಜೆರ್ಸಿಯ ನಗರಸಭೆಯ ಮೆಟ್ಟಿಲ ಮೇಲೆ. ಅವೂ ಏಳೇ ಇದ್ದವೋ ಇಲ್ಲವೋ.

ಅಫಿಡವಿಟ್ಟನ್ನು ಹೊಸದಾಗಿ ಬರೆದೆ. ನಾನು ಈ ಮದುವೆಗೆ ಹೋಗಿರಲಿಲ್ಲ. ನನಗೆ ಮೊದಲೇ ತಿಳಿಸಿರಲಿಲ್ಲ. ನಾನು ಸಿಟ್ಟಿನಲ್ಲಿದ್ದೆ, ಮತ್ತು ಇದು ಕಾರ್ಡಿಗಾಗಿ ಆದ ಮದುವೆಯೆಂದು ನಾನೂ ಅನುಮಾನಪಟ್ಟಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಕಾರಣಗಳು ಇಂತಿವೆ ಎಂದು ತಂಬುಳಿ, ಟವೆಲು, ತುಂಬಿಟ್ಟ ಪೆಟ್ಟಿಗೆ ಮೂರನ್ನೂ ಬರೆದು, ಇವನ್ನು ನಾನು ಕಣ್ಣಾರೆ ಕಂಡಿಲ್ಲ, ಇಪ್ಪತ್ತೆಂಟು ವರ್ಷಗಳಿಂದ ನನಗೆ ಸುಳ್ಳು ಹೇಳದ ನನ್ನ ಹೆಂಡತಿಯಿಂದ ಕೇಳಿ ತಿಳಿದದ್ದು ಎಂದು ಸೇರಿಸಿದೆ. ಅವಳ ಹೆಸರಿನಲ್ಲಿ ಬೇರೆಯೊಂದು, ಅವಳು ಕನ್ನಡದಲ್ಲಿ ಹೇಳಿದ್ದು. ಅದಕ್ಕೆ ಇಂಗ್ಲಿಷ್ ಅನುವಾದ.

ತೀರ್ಥಹಳ್ಳಿಯ ನೋಟರಿ ವಕೀಲರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಮೇಷ್ಟ್ರೇ, ಅನುಮಾನಪಟ್ಟಿದ್ದೆ ಅಂತ ಅಫಿಡವಿಟ್ಟಿನಲ್ಲಿ ಯಾರಾದರೂ ಬರೀತಾರಾ? ಮಗಳ ಕೇಸಿಗೆ ನೀವೇ ಕಲ್ಲು ಹಾಕ್ತೀರಲ್ಲ. ಆ ಸಾಲು ತೆಗೀರಿ.”

ಬಸ್ಸಿನಲ್ಲಿ ಬರುವಾಗ ನನಗೂ ಅದೇ ಹೆದರಿಕೆಯಾಗಿತ್ತು. ಮೇಗರವಳ್ಳಿ ದಾಟುವವರೆಗೆ ಆ ಸಾಲು ತೆಗೆಯಬೇಕೆಂದೇ ಇದ್ದೆ. ಆದರೆ ಅದನ್ನು ತೆಗೆದರೆ ಉಳಿದ ಸಾಲುಗಳಿಗೆ ಅರ್ಥವೇ ಉಳಿಯುವುದಿಲ್ಲ. “ಇರಲಿ, ಮೊಹರು ಹಾಕಿ” ಎಂದೆ. ಮಗಳಿಗೆ ಕಳಿಸುವಾಗ, ನಿನಗೆ ಬೇಡವೆನಿಸಿದರೆ ಕೊಡಬೇಡ ಎಂದು ಒಂದು ಚೀಟಿ ಇಟ್ಟೆ. ಅವಳಿಂದ ಉತ್ತರ ಬರಲಿಲ್ಲ. ಕೊಟ್ಟಳೋ, ಹರಿದು ಎಸೆದಳೋ ತಿಳಿಯಲಿಲ್ಲ.

ಸಂದರ್ಶನದ ದಿನ ಬಂತು. ಅಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ ಎಂದರೆ ಬೇಸಿಗೆಯ ಲೆಕ್ಕದಲ್ಲಿ ನಮಗೆ ಸಂಜೆ ಆರೂವರೆ. ಜುಲೈ ತಿಂಗಳ ಮಳೆ ಹೇಗೆ ಹೊಡೆಯುತ್ತಿತ್ತೆಂದರೆ, ಮಧ್ಯಾಹ್ನವೇ ಕರೆಂಟು ಹೋಗಿ, ಲ್ಯಾಂಡ್‌ಲೈನು ಸತ್ತು, ಅಂಗಳ ಯಾವುದು ತೋಡು ಯಾವುದು ತಿಳಿಯದಂತಾಗಿತ್ತು. ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಕೂತಳು. ನಾನು ಏಳು ಗಂಟೆಗೆ ಟಾರ್ಚು, ಕೊಡೆ ಹಿಡಿದು, ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೆ. ಮನೆಯಲ್ಲಿ ಸಿಗದ ಸಿಗ್ನಲ್ಲು ಅಲ್ಲಿ ಒಂದು ಗೆರೆ ಸಿಗುತ್ತದೆ. ಘಾಟಿ ಹತ್ತಿ ಬಂದ ಉಡುಪಿ ಬಸ್ಸೊಂದು ಹೆಡ್‌ಲೈಟು ಉರಿಸಿಕೊಂಡೇ ನಿಂತಿತ್ತು. ಡ್ರೈವರು ಪರಿಚಯದವನು, ಹಳೆಯ ವಿದ್ಯಾರ್ಥಿ. “ಇಷ್ಟು ಮಳೆಯಲ್ಲಿ ಎಂತ ಸರ್?” ಎಂದ. “ಒಂದು ರಿಸಲ್ಟು ಬರಬೇಕು” ಎಂದೆ.

ಎಂಟು ಗಂಟೆಗೆ ಫೋನು ಹೊಡೆದುಕೊಂಡಿತು. ಮಾತು ತುಂಡು ತುಂಡಾಗಿ ಬರುತ್ತಿತ್ತು. ಮಗಳು ಹೇಳಿದ್ದನ್ನೂ ಮರುದಿನ ಪೂರ್ತಿ ಕೇಳಿದ್ದನ್ನೂ ಸೇರಿಸಿ ಬರೆಯುತ್ತೇನೆ.

ಅಧಿಕಾರಿ ವಯಸ್ಸಾದ ಹೆಂಗಸು. ಬ್ರಷ್ಷಿನ ಬಣ್ಣವನ್ನು ಕೇಳಲೇ ಇಲ್ಲ. ಎಲ್ಲಿ ಪರಿಚಯ, ಮನೆ ಬಾಡಿಗೆ ಯಾರು ಕೊಡುತ್ತಾರೆ, ಕಳೆದ ಭಾನುವಾರ ಏನು ಮಾಡಿದಿರಿ, ಇಷ್ಟೇ. ಆಮೇಲೆ ಫೋಟೋಗಳನ್ನು ಒಂದೊಂದಾಗಿ ತಿರುವಿದರಂತೆ. ಹುಡುಗನ ಅಪ್ಪ ಅಮ್ಮ, ಅಕ್ಕ, ಗೆಳೆಯರು ಎಲ್ಲ ಇದ್ದಾರೆ. “ಹುಡುಗಿಯ ಕಡೆಯವರು ಒಬ್ಬರೂ ಇಲ್ಲವಲ್ಲ?” ಎಂದು ಕೇಳಿದರಂತೆ.

ಮಗಳು ಕೊರೋನಾ ಎಂದು ಹೇಳಬೇಕೆಂದಿದ್ದಳು. ಹೇಳಬಹುದಿತ್ತು ಕೂಡ, 2021ರ ಮೇಯಿಂದ ನವೆಂಬರಿನವರೆಗೆ ಭಾರತದಿಂದ ಅಲ್ಲಿಗೆ ಹೋಗಲು ಹೆಚ್ಚಿನವರಿಗೆ ನಿರ್ಬಂಧವೇ ಇತ್ತು. ಅವಳು ಬಾಯಿ ತೆರೆಯುವ ಮೊದಲೇ ಆ ಹುಡುಗ, “ಅವಳ ತಂದೆಗೆ ನಾವು ಮೊದಲು ಹೇಳಲಿಲ್ಲ. ಅದು ನಮ್ಮ ತಪ್ಪು. ಅವರಿಗೆ ಬೇಸರವಾಗಿದೆ. ಅವರು ಬರೆದ ಕಾಗದ ಇಲ್ಲಿದೆ” ಎಂದು ಫೈಲಿನಿಂದ ನನ್ನ ಅಫಿಡವಿಟ್ಟು ತೆಗೆದು ಮುಂದಿಟ್ಟನಂತೆ. ಕೊಡಬೇಕೋ ಬೇಡವೋ ಎಂದು ಇಬ್ಬರಿಗೂ ಹಿಂದಿನ ರಾತ್ರಿಯೆಲ್ಲ ಚರ್ಚೆಯಾಗಿ, ಬೇಡ ಎಂದೇ ತೀರ್ಮಾನವಾಗಿತ್ತಂತೆ.

ಅಧಿಕಾರಿ ಓದಿದರು. ಟವೆಲಿನ ಸಾಲಿನಲ್ಲಿ ನಿಲ್ಲಿಸಿ ಹುಡುಗನ ಮುಖ ನೋಡಿದರಂತೆ. ಪೂರ್ತಿ ಓದಿದ ಮೇಲೆ ಮಗಳನ್ನು, “ನಿಮ್ಮ ತಂದೆ ಏನು ಕೆಲಸ ಮಾಡುತ್ತಾರೆ?” ಎಂದು ಕೇಳಿದರು.

“ಸೈನ್ಸ್ ಟೀಚರ್.”

“ಹಾಗನ್ನಿಸಿತು” ಎಂದರಂತೆ.

ಒಟ್ಟು ಇಪ್ಪತ್ತೈದು ನಿಮಿಷ. ಒಂದು ವಾರದ ಮೇಲೆ ಒಪ್ಪಿಗೆ ಪತ್ರ, ಆಮೇಲೆ ಕಾರ್ಡು. ಇದು ನಿಜಕ್ಕೂ ಹಸಿರಾಗಿದೆ. 1940ರ ದಶಕದಲ್ಲಿ ಹಸಿರಾಗಿದ್ದು, ನಡುವೆ ಬೇರೆ ಬೇರೆ ಬಣ್ಣಗಳಾಗಿ, 2010ರಿಂದ ಮತ್ತೆ ಹಸಿರಿಗೆ ಬಂದಿದೆಯಂತೆ. ಆ ಡಿಸೆಂಬರಿನಲ್ಲಿ ಇಬ್ಬರೂ ಆಗುಂಬೆಗೆ ಬಂದರು. ಹುಡುಗ ಬಸ್ಸಿಳಿದವನೇ ನನ್ನ ಕಾಲಿಗೆ ನಮಸ್ಕರಿಸಿ “ಮಾವಯ್ಯ” ಎಂದ. ಯಾರೋ ಹೇಳಿಕೊಟ್ಟದ್ದು, ಯಾರೆಂದು ಗೊತ್ತು. ನಾಲ್ಕು ದಿನ ಸಂಜೆ ಸೂರ್ಯಾಸ್ತ ತೋರಿಸಲು ಕರೆದುಕೊಂಡು ಹೋದೆ, ಮೂರು ದಿನ ಮೋಡ. ಸ್ನಾನ ಮಾಡಿ ಬಂದು ಒದ್ದೆ ಟವೆಲನ್ನು ನನ್ನ ಕುರ್ಚಿಯ ಮೇಲೆ ಹಾಕಿದ. ಅದನ್ನು ನಾನು ಕಣ್ಣಾರೆ ಕಂಡೆ.

ಕಾರ್ಡು ಬಂದರೂ ಪರೀಕ್ಷೆ ಮುಗಿದಿರಲಿಲ್ಲ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಕೊಟ್ಟ ಕಾರ್ಡಿಗೆ ಎರಡೇ ವರ್ಷ ಆಯುಷ್ಯ. 1986ರಲ್ಲಿ ಮಾಡಿದ ಕಾನೂನು. ಅವಧಿ ತೀರುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ, ಇನ್ನೂ ಒಟ್ಟಿಗಿದ್ದೇವೆಂದು ಸಾಕ್ಷಿ ಸಮೇತ ಅರ್ಜಿ ಹಾಕಬೇಕು. 2024ರ ಮೇ ತಿಂಗಳಲ್ಲಿ ಮಗಳು ಮತ್ತೆ ಅಫಿಡವಿಟ್ಟು ಕೇಳಿದಳು. ಈ ಸಲ ಮೂರು ಪುಟವಾಯಿತು. ನೋಟರಿ ವಕೀಲರು ಓದಲೇ ಇಲ್ಲ, ಮೊಹರು ಒತ್ತಿ, “ಈ ಸಲ ಅನುಮಾನ ಎಲ್ಲಿ ಹಾಕಿದ್ದೀರಿ, ಮೇಷ್ಟ್ರೇ?” ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. “ನಮ್ಮದೂ ಒಂದು ಸಲ ತೀರ್ಥಹಳ್ಳಿಯಲ್ಲಿ ರಿಜಿಸ್ಟರ್ ಮಾಡಿಸಿಬಿಡುವ. ನಾಳೆ ನಿಮ್ಮ ಪೆನ್ಶನ್ನಿಗೂ ಕೇಳ್ತಾರೆ” ಎಂದಳು. ಸಾಕ್ಷಿಗೆ ಮೂರು ಜನ ಬೇಕು. ಮದುವೆಗೆ ಬಂದಿದ್ದ ಹಿರಿಯರಲ್ಲಿ ಈಗ ಉಳಿದವರು ಯಾರು ಯಾರು ಎಂದು ಇಬ್ಬರೂ ಕೂತು ಬೆರಳು ಮಡಚತೊಡಗಿದೆವು.